ಒಂದು ಬಟ್ಟಲು ಓಟ್ಸ್

ಮಗಳಿಗೆ ಸ್ನಾನ ಮಾಡಿಸಿ ಅರ್ಧ ಗಂಟೆಯೂ ಆಗಿರಲಿಲ್ಲ, ಬೆನ್ನ ತುಂಬ ಕೆಂಪು ಗಂಧೆಗಳು ಎದ್ದವು. ಐದು ವರ್ಷದ ಪುಟ್ಟಿ ಎರಡೂ ಕೈಯಲ್ಲಿ ಪರಪರ ಕೆರೆದುಕೊಳ್ಳತೊಡಗಿದಳು.

ಅವಳಪ್ಪ ಗಡಿಯಾರದಣ್ಣ ಗಾಬರಿಯಾದ. ಎಂಥ ಕೆಟ್ಟು ನಿಂತ ಗಡಿಯಾರವನ್ನಾದರೂ ನಡೆಸಬಲ್ಲವನೆಂದು ಅವನಿಗೆ ಆ ಹೆಸರು. ಆದರೆ ಮಗುವಿನ ವಿಷಯದಲ್ಲಿ ಹೆಂಡತಿಗೆ ಅವನ ಮೇಲೆ ಸಾಸಿವೆಯಷ್ಟೂ ನಂಬಿಕೆಯಿರಲಿಲ್ಲ. ಹಿಂದೊಮ್ಮೆ ಅವನು ಪುಟ್ಟಿಯ ತಲೆಗೆ ಗಡಿಯಾರದ ಎಣ್ಣೆ ಹಚ್ಚಿದ್ದ. ಆಸ್ಪತ್ರೆಯಲ್ಲಿ ನರ್ಸ್ ಆಗಿದ್ದ ಅವಳಿಗೆ ಈ ಭಾನುವಾರ ಡ್ಯೂಟಿ ಬಿದ್ದಿತ್ತು. "ಒಂದೇ ಒಂದು ದಿನ ರೀ, ಮಗೂನ ಕೊಟ್ಟ ಹಾಗೇ ವಾಪಸ್ ಕೊಡಿ" ಎಂದು ಕೈಮುಗಿದು ಹೋಗಿದ್ದಳು.

ಮೊದಲು ಪೌಡರ್ ಹಾಕಿ ನೋಡಿದ. ಜಗ್ಗಲಿಲ್ಲ. ಅದರ ಮೇಲೆ ಎಣ್ಣೆ ಸವರಿದ. ಎರಡೂ ಸೇರಿ ಬೆನ್ನು ಗಿಲಾವು ಮಾಡಿದ ಗೋಡೆಯಂತಾಯಿತು. ಪುಟ್ಟಿ ಆ ಗೋಡೆಯನ್ನು ಬಾಗಿಲಿನ ಚೌಕಟ್ಟಿಗೆ ಉಜ್ಜತೊಡಗಿದಳು. ಬೇರೆ ದಾರಿ ಕಾಣದೆ ಹೆಂಡತಿಗೆ ಫೋನು ಮಾಡಿದ.

"ಜ್ವರ ಇದ್ಯಾ? ತುಟಿ ಊದಿದ್ಯಾ? ಉಸಿರಾಟ ಸರಿ ಇದ್ಯಾ?"

"ಅವಳದೆಲ್ಲಾ ಸರಿ ಇದೆ ಕಣೇ. ನನ್ನ ಉಸಿರೇ ಕಟ್ತಾ ಇದೆ."

"ಏನು ಮಾಡಿದ್ರಿ ಮಗೂಗೆ? ಏನು ಹಚ್ಚಿದ್ರಿ?"

"ನಿನ್ನಾಣೆ, ಗಂಧೆ ಏಳೋಕೆ ಮುಂಚೆ ಸ್ನಾನ ಮಾಡಿಸಿದ್ದು ಬಿಟ್ರೆ ಏನೂ ಇಲ್ಲ."

"ನೀವು ಏನೋ ಮಾಡಿರ್ತೀರಾ, ನಂಗೊತ್ತು. ಈಗ ಮೊದಲು ಅವಳ ಉಗುರು ಕತ್ತರಿಸಿ. ಓಟ್ಸ್ ನುಣ್ಣಗೆ ಪುಡಿ ಮಾಡಿ ಉಗುರು ಬೆಚ್ಚಗಿನ ನೀರಿಗೆ ಹಾಕಿ, ಹತ್ತು ನಿಮಿಷ ಅದರಲ್ಲಿ ಕೂರಿಸಿ. ಆಮೇಲೆ ಟವೆಲ್ಲಲ್ಲಿ ಒತ್ತಿ ಒರೆಸಿ, ತಿಕ್ಕಬೇಡಿ. ಐದಕ್ಕೆ ಬರ್ತೀನಿ. ಮೈಮೇಲೆ ಒಂದು ಗೀರು ಕಂಡ್ರೂ, ಇನ್ಮೇಲೆ ಮಗು ಜೊತೆ ನಿಮ್ಮನ್ನೂ ಅಮ್ಮನ ಮನೇಲಿ ಬಿಟ್ಟು ಡ್ಯೂಟಿಗೆ ಹೋಗ್ತೀನಿ!"

ಮನೆಯಲ್ಲಿ ಓಟ್ಸ್ ಇರಲಿಲ್ಲ. ಕೆಳಗಿನ ಅಂಗಡಿಯ ಶಟರ್ ಎಳೆದಿತ್ತು. ಗಡಿಯಾರದಣ್ಣ ಪುಟ್ಟಿಯ ಎರಡೂ ಕೈಗೆ ತನ್ನ ಕಾಲುಚೀಲ ತೊಡಿಸಿ, ಅವಳನ್ನು ಹೆಗಲ ಮೇಲೆ ಹಾಕಿಕೊಂಡು, ಇನ್ನೊಂದು ಕೈಯಲ್ಲಿ ಬಟ್ಟಲು ಹಿಡಿದು ಹೊರಟ.

ಅವನು ಮರೆತಿದ್ದು ಒಂದೇ. ಅವತ್ತು ಆ ಕಟ್ಟಡದ ನಿವಾಸಿಗಳ ಸಂಘದ ಚುನಾವಣೆ. ಅಧ್ಯಕ್ಷಗಿರಿಗೆ ಯಾರೂ ತಾವಾಗಿ ನಿಲ್ಲುತ್ತಿರಲಿಲ್ಲ. ಪ್ರತಿಯೊಬ್ಬರೂ ತಮಗೆ ತೋಚಿದ ಹೆಸರನ್ನು ಚೀಟಿಯಲ್ಲಿ ಬರೆದು ಡಬ್ಬಕ್ಕೆ ಹಾಕುವುದು, ಹೆಚ್ಚು ಚೀಟಿ ಬಂದವರು ತೆಪ್ಪಗೆ ಒಪ್ಪಿಕೊಳ್ಳುವುದು. ಮೇಲಿನ ಮಹಡಿಯ ಹಲ್ಲಿನ ಡಾಕ್ಟರು ಒಂಬತ್ತು ವರ್ಷದಿಂದ ಹೀಗೆ ಸಿಕ್ಕಿಬಿದ್ದಿದ್ದರು. ಆ ಮೆಟ್ಟಿಲುಗಳ ಮೇಲೆ ಅವತ್ತು ಯಾರ ಬಾಯಲ್ಲಿ ಕೇಳಿದರೂ 'ಓಟ್ಸು, ಓಟ್ಸು' ಎನ್ನುವುದೇ ಮಾತು, ಆದರೆ ಅದು ಚೀಟಿಯ ಓಟು, ತಿನ್ನುವ ಓಟ್ಸಲ್ಲ.

ಎದುರು ಮನೆಯ ಟೈಲರ್ ಅಕ್ಕ ಬಾಗಿಲು ತೆರೆದಳು.

"ಅಕ್ಕಾ, ಓಟ್ಸ್ ಬೇಕಿತ್ತು. ನಿಮ್ಮನೇಲಿ ಇದ್ಯಾ?"

"ನಾಲ್ಕಿದೆ. ಅತ್ತೆದೂ ಸೇರಿದ್ರೆ ಐದು."

"ಅಷ್ಟೆಲ್ಲಾ ಬೇಡಕ್ಕ. ಒಂದು ಹಿಡಿ ಸಾಕು."

"ಇಂಥದ್ರಲ್ಲೆಲ್ಲಾ ಸಂಕೋಚ ಇಟ್ಕೋಬಾರದು ಅಣ್ಣ. ಕೊಟ್ರೆ ಐದೂ ನಿಮಗೇ. ಏನು ಮಾಡ್ಬೇಕು ಅಂತಿದ್ದೀರಾ?"

"ಮೊದಲು ಪುಡಿ ಮಾಡ್ಬೇಕು. ಆಮೇಲೆ ನೀರಿಗೆ ಹಾಕ್ಬೇಕು."

ಅಕ್ಕನ ಮುಖ ಅರಳಿತು. ಎರಡು ವರ್ಷದಿಂದ ಅವಳ ಮನೆಯ ನಲ್ಲಿ ಬರೀ ಕೆಮ್ಮುತ್ತಿತ್ತು. "ಸರಿಯಾಗಿ ಹೇಳಿದ್ರಿ! ನೀರಿಗೇ ಹಾಕ್ಬೇಕು! ಅದು ಸರಿ, ಬಟ್ಟಲು ನಿಮ್ಮ ಗುರುತಾ?"

"ಹೂಂ, ತಳ ಸೊಟ್ಟಗಿದೆ ನೋಡಿ, ಅದೇ ಗುರುತು."

"ಚೆನ್ನಾಗಿದೆ. ನೀವು ನಿಶ್ಚಿಂತೆಯಾಗಿ ಮನೇಲಿರಿ. ಮಧ್ಯಾಹ್ನ ಐದನ್ನೂ ಡಬ್ಬಕ್ಕೆ ಹಾಕೋ ಜವಾಬ್ದಾರಿ ನಂದು."

ಡಬ್ಬಕ್ಕೆ ತುಂಬಿಸಿ ಕಳಿಸುತ್ತಾಳೆ, ಎಂಥ ಒಳ್ಳೆಯ ಹೆಂಗಸು ಎಂದುಕೊಂಡ ಗಡಿಯಾರದಣ್ಣ. ಆದರೆ ಪುಟ್ಟಿಗೆ ಮಧ್ಯಾಹ್ನದವರೆಗೆ ಕಾಯುವ ತಾಳ್ಮೆಯಿರಲಿಲ್ಲ. ಮೆಟ್ಟಿಲು ಹತ್ತಿ ನಿವೃತ್ತ ಹೆಡ್‌ಮಿಸ್ಸಿನ ಗಂಟೆ ಒತ್ತಿದ. ಅವರು ಕನ್ನಡಕ ತಡಕಾಡುತ್ತಲೇ ಬಾಗಿಲಿಗೆ ಬಂದರು.

"ಮೇಡಂ, ವಿಪರೀತ ತುರಿಕೆ. ಓಟ್ಸ್ ಸಿಗೋವರೆಗೂ ಶಮನ ಆಗಲ್ಲ."

ಹೆಡ್‌ಮಿಸ್ಸು ತಲೆದೂಗಿ ಹೇಳಿದರು: "ಈ ತುರಿಕೆ ಇರೋರನ್ನ ನನ್ನ ಸರ್ವಿಸಲ್ಲಿ ಬೇಕಾದಷ್ಟು ನೋಡಿದ್ದೀನಪ್ಪ. ಎಲ್ಲರೂ ಅದನ್ನ ಸೇವೆ ಅಂತಾರೆ. ತುರಿಕೆ ಅಂತ ಬಾಯ್ಬಿಟ್ಟು ಒಪ್ಪಿಕೊಂಡ ಪ್ರಾಮಾಣಿಕ ನೀನೊಬ್ಬನೇ. ನಂದು ನಿನಗೇ, ಹೋಗು." ಬಾಗಿಲು ಮುಚ್ಚಿತು. ಬಟ್ಟಲು ಖಾಲಿಯೇ ಉಳಿಯಿತು.

ಹಲ್ಲಿನ ಡಾಕ್ಟರಂತೂ ಮಾತು ಕೇಳಿ ಬಾಗಿಲ ಹೊರಗೇ ಓಡಿ ಬಂದರು. "ಏನಂದ್ರಿ? ನಿಮಗೆ ಓಟ್ಸ್ ಬೇಕಾ? ನೀವಾಗೇ ಕೇಳ್ತಾ ಇದೀರಾ?"

"ತುಂಬಾ ಅರ್ಜೆಂಟಿದೆ ಡಾಕ್ಟ್ರೇ."

"ಒಂಬತ್ತು ವರ್ಷದಿಂದ ಈ ಮಾತಿಗೆ ಕಾಯ್ತಿದ್ದೆ. ನಂದು, ನನ್ನ ಹೆಂಡತಿದು, ಎರಡೂ ತಗೊಳ್ಳಿ!" ಎಂದು ಕಣ್ಣೊರೆಸಿಕೊಂಡು, ಚಾಚಿದ ಬಟ್ಟಲನ್ನು ಪಕ್ಕಕ್ಕೆ ಸರಿಸಿ ಕೈ ಕುಲುಕಿದರು.

ಸುದ್ದಿಗೆ ಕಾಲು ಬಂತು. ಮೇಲಿನಿಂದ ಕೆಳಗಿನವರೆಗೆ "ನಮ್ಮದೂ ನಿಮಗೇ ಅಣ್ಣಾ!" ಎಂಬ ಕೂಗು. ಇಡೀ ಕಟ್ಟಡ ಕೊಡುತ್ತೇನೆಂದಿತು, ಯಾರೂ ಒಂದು ಚಿಟಿಕೆ ಕೊಡಲಿಲ್ಲ. ಈ ಜನಕ್ಕೆ ತಲೆ ಕೆಟ್ಟಿದೆಯೋ ತನಗೋ ಎಂದು ತಿಳಿಯದೆ ಗಡಿಯಾರದಣ್ಣ ಮನೆಗೆ ಬಂದ. ಕಣ್ಣಿಗೆ ರಿಪೇರಿಯ ಭೂತಗನ್ನಡಿ ಸಿಕ್ಕಿಸಿಕೊಂಡು, ಪುಟ್ಟಿಯ ಹತ್ತೂ ಉಗುರನ್ನು ಕೂದಲೆಳೆಯಷ್ಟೂ ಉಳಿಯದಂತೆ ಕತ್ತರಿಸಿದ. ಫ್ರಿಜ್ಜಿನ ನೀರಲ್ಲಿ ಬಟ್ಟೆ ಅದ್ದಿ ಬೆನ್ನ ಮೇಲಿಟ್ಟ.

"ಅಪ್ಪಾ, ನಾನು ಕೆರ್ಕೊಳಲ್ಲ. ನೀನೇ ಕೆರಿ" ಎಂದಳು ಪುಟ್ಟಿ, ಕಣ್ಣಲ್ಲಿ ನೀರು ತುಂಬಿಕೊಂಡು. ಆ ತುರಿಕೆಯನ್ನೆಲ್ಲ ತನ್ನ ಮೈಗೆ ಹಾಕಿಕೊಳ್ಳಲು ಅವನು ಸಿದ್ಧನಿದ್ದ.

ನಾಲ್ಕು ಗಂಟೆಗೆ ಬಾಗಿಲು ಬಡಿಯಿತು. ಓಟ್ಸ್ ಬಂತೆಂದು ಓಡಿದ. ಬಂದಿದ್ದವರು ಹಲ್ಲಿನ ಡಾಕ್ಟರು, ಹೆಡ್‌ಮಿಸ್ಸು, ಹಿಂದೆ ಹತ್ತಾರು ಜನ. ಡಾಕ್ಟರ ಕೈಯಲ್ಲಿ ಒಂದು ಬೀಗದಕೈ ಗೊಂಚಲು, ಒಂದು ದಪ್ಪ ಪುಸ್ತಕ.

"ಅಭಿನಂದನೆ ಅಧ್ಯಕ್ಷರೇ! ಒಂದು ಓಟೂ ಆಚೆ ಹೋಗಿಲ್ಲ!"

ಗಡಿಯಾರದಣ್ಣನಿಗೆ ಎಲ್ಲವೂ ಒಮ್ಮೆಲೇ ಹೊಳೆಯಿತು. "ಅಯ್ಯೋ, ನಾನು ಕೇಳಿದ್ದು ಗಂಜಿ ಮಾಡೋ ಓಟ್ಸು! ಮಗೂಗೆ ತುರಿಕೆ!"

"ಅದಾ? ನಮ್ಮನೇಲಿ ಎರಡು ಡಬ್ಬ ಇದೆಯಲ್ಲಪ್ಪಾ, ಬಿಡಿಸಿ ಹೇಳಬಾರದಿತ್ತಾ!" ಎಂದರು ಹೆಡ್‌ಮಿಸ್ಸು.

"ಕೊಡಿ ಮೇಡಂ, ದಮ್ಮಯ್ಯ, ಈಗಲೇ ಕೊಡಿ!"

"ಮೊದಲು ಇಲ್ಲಿ ಸೈನು" ಎಂದು ಡಾಕ್ಟರು ಪುಸ್ತಕ ಬಿಡಿಸಿದರು. "ಹಿಂದಿನದು, ಮುಂದಿನದು, ಎಲ್ಲ ನನ್ನ ಹೊಣೆ ಅಂತ ಬರೆದಿದೆ. ಸುಮ್ನೆ ಪದ್ಧತಿ."

ಗಡಿಯಾರದಣ್ಣ ಓದದೆ ಗೀಚಿದ. ಇಡೀ ಕಟ್ಟಡ ಬರೆದುಕೊಡು ಎಂದಿದ್ದರೂ ಅವನು ಆ ಗಳಿಗೆಯಲ್ಲಿ ಬರೆದುಕೊಡುತ್ತಿದ್ದ.

ಓಟ್ಸ್ ಬಂತು, ಮಿಕ್ಸಿಯಲ್ಲಿ ನುಣ್ಣಗಾಯಿತು. ನಲ್ಲಿ ತಿರುಗಿಸಿದರೆ ನೀರಿಲ್ಲ. ಟ್ಯಾಂಕಿನ ಮೋಟರು ಹಾಕಬೇಕಾದ ಅಧ್ಯಕ್ಷ ಈಗ ಅವನೇ ತಾನೆ? ಅದಕ್ಕೂ ಪುರುಸೊತ್ತಿಲ್ಲದೆ, ಮೊನ್ನೆ ಅಡುಗೆಮನೆಯಲ್ಲಿ ತುಂಬಿಟ್ಟಿದ್ದ ನೀರನ್ನೇ ಬೆಚ್ಚಗೆ ಮಾಡಿ ಟಬ್ಬಿಗೆ ಸುರಿದ. ಹತ್ತೇ ನಿಮಿಷದಲ್ಲಿ ಪುಟ್ಟಿಯ ಮುಖದ ಗಂಟು ಸಡಿಲಿತು. ಹೊರಗೆ ಬಂದಾಗ ನಗುತ್ತಿದ್ದಳು. ಮೈಮೇಲೆ ಒಂದು ಗೀರೂ ಇರಲಿಲ್ಲ. ಗಡಿಯಾರದಣ್ಣನಿಗೆ ಹೋದ ಜೀವ ಬಂತು.

ಸರಿಯಾಗಿ ಐದಕ್ಕೆ ಹೆಂಡತಿ ಒಳಗೆ ಬಂದಳು. ಮಗಳ ಬೆನ್ನು ನೋಡಿ ಮೆತ್ತಗಾದಳು.

"ರೀ, ನಿಮ್ಮನ್ನ ಸುಮ್ನೆ ಬೈದೆ. ನಿಮ್ಮ ತಪ್ಪೇನೂ ಇಲ್ಲ."

ಮದುವೆಯಾದ ಮೇಲೆ ಈ ಮಾತನ್ನು ಅವನು ಕೇಳಿದ್ದು ಇದೇ ಮೊದಲು. ಇನ್ನೊಮ್ಮೆ ಹೇಳಿಸೋಣವೆಂದು "ಏನಂದೆ?" ಎಂದ.

"ಮೆಟ್ಟಿಲ ಮೇಲೆ ನೋಡಿದೆ, ಎಲ್ಲಾ ಮಕ್ಕಳೂ ಕೆರ್ಕೊಳ್ತಾ ಕೂತಿದಾವೆ. ನಿನ್ನೆ ಸಂಘದವರು ಟ್ಯಾಂಕ್ ತೊಳೆಸಿ ಬ್ಲೀಚಿಂಗ್ ಪೌಡರ್ ಒಂದಕ್ಕೆ ಹತ್ತು ಸುರಿಸಿದಾರಂತೆ! ತಾಯಂದಿರೆಲ್ಲಾ ಕೆಳಗೆ ಸೇರಿದಾರೆ. ನಾನೇ ಮುಂದೆ ನಿಲ್ತೀನಿ ಅಂದಿದೀನಿ. ಇವತ್ತು ಆ ಅಧ್ಯಕ್ಷನ ಚರ್ಮ ಸುಲೀದೆ ಬಿಡಲ್ಲ. ಬನ್ನಿ, ಎಲ್ಲಿದಾನೆ ಅವನು?"

ಗಡಿಯಾರದಣ್ಣ ತಲೆ ಎತ್ತಲಿಲ್ಲ.

"ಇಲ್ಲೇ ಇದಾನೆ ಕಣೇ" ಎಂದ ಸಣ್ಣ ದನಿಯಲ್ಲಿ. "ಮಗೂಗೆ ಅಂಗಿ ಹಾಕ್ತಾ ಇದಾನೆ."