ನಿಂತವರ ಕಚೇರಿ

ಕುರು ಏಳುವುದಕ್ಕೆ ಮನುಷ್ಯನ ಮೈಯಲ್ಲಿ ಎಷ್ಟು ಬೇಕಾದರೂ ಜಾಗ ಇದೆ. ಆದರೆ ಆ ವಿಮಾ ಕಚೇರಿಯ ರವಾನೆ ಗುಮಾಸ್ತನಿಗೆ ಅದು ಎದ್ದದ್ದು ಕೂರುವ ಜಾಗದಲ್ಲೇ. ಅದೂ ಯಾವತ್ತು? ಹೆಡ್ ಕ್ಲರ್ಕ್ ನಿವೃತ್ತರಾಗುವ ದಿನ. ಅವರ ಮೆತ್ತೆ ಹಾಕಿದ ತಿರುಗುವ ಕುರ್ಚಿಯ ಮೇಲೆ ನಮ್ಮ ಗುಮಾಸ್ತ ಹದಿನೆಂಟು ವರ್ಷದಿಂದ ಕಣ್ಣಿಟ್ಟಿದ್ದ. ಕಡಲೆ ಇದ್ದಾಗ ಹಲ್ಲಿಲ್ಲ ಅನ್ನುವುದು ಬರೀ ಹಲ್ಲಿನ ವಿಚಾರವಲ್ಲ.

“ರಜೆ ಹಾಕ್ಬಿಡಿ ಅಂದ್ರೆ,” ಅಂದಳು ಹೆಂಡತಿ.

“ಮುಂದಿನ ಹೆಡ್ ಕ್ಲರ್ಕ್ ಯಾರು ಅಂತ ಸಂಜೆ ಮ್ಯಾನೇಜರ್ ಹೆಸರು ಹೇಳ್ತಾರೆ ಕಣೆ. ನಾನಿಲ್ದಿದ್ರೆ ಕುರ್ಚಿ ಟೈಪಿಸ್ಟಮ್ಮನ ಪಾಲು.”

ಕಚೇರಿಗೆ ಬಂದವನೇ ಮೇಜಿನ ಮೇಲೆ ನಾಲ್ಕು ದಪ್ಪ ಫೈಲು ಪೇರಿಸಿ, ಅದರ ಮೇಲೆ ರಿಜಿಸ್ಟರ್ ಇಟ್ಟು, ನಿಂತೇ ಬರೆಯತೊಡಗಿದ.

“ಯಾಕ್ ಸಾರ್ ನಿಂತಿದೀರಾ?” ಟೈಪಿಸ್ಟಮ್ಮ ಕೇಳಿದಳು.

ಹೆಣ್ಣುಮಗಳ ಮುಂದೆ ಕುರುವಿನ ವಿಳಾಸ ಹೇಳುವುದು ಹೇಗೆ? “ನಿಂತ್ಕೊಂಡ್ ಮಾಡಿದ್ರೆ ಒಳ್ಳೇದಲ್ವಾ ಮೇಡಂ,” ಅಂದುಬಿಟ್ಟ.

ಹೆಸರು ಹೇಳುವ ದಿನವೇ ಈ ಮನುಷ್ಯ ನಿಂತಿದ್ದಾನೆ ಅಂದರೆ ಒಳಗಿನ ಸುದ್ದಿ ಏನೋ ಇದೆ. ಅವಳೂ ಎದ್ದಳು. ತಡವಾಗಿ ಬಂದ ದಾಖಲೆ ಕೋಣೆಯ ದಢೂತಿ, ಇಬ್ಬರು ನಿಂತಿದ್ದನ್ನು ನೋಡಿ ಏನೂ ಕೇಳದೆ ತಾನೂ ನಿಂತ. ಕೇಳಿದರೆ ತನಗೆ ಗೊತ್ತಿಲ್ಲ ಅನ್ನುವುದು ಗೊತ್ತಾಗುತ್ತದಲ್ಲ! ಹನ್ನೊಂದಕ್ಕೆ ಹದಿಮೂರು ಜನ ನಿಂತಿದ್ದರು. “ಕೊನೇ ದಿನ ನನಗ್ಯಾಕೆ ಕೆಟ್ಟ ಹೆಸರು,” ಅಂತ ಹೆಡ್ ಕ್ಲರ್ಕೂ ಮಂಡಿ ಹಿಡಿದುಕೊಂಡು ಎದ್ದರು. ಪಾಲಿಸಿ ಕಾಗದ ಹಿಡಿದು ಬಂದ ಗಿರಾಕಿಯೊಬ್ಬ ಒಳಗೆ ಕಾಲಿಟ್ಟವನು ಗಕ್ಕನೆ ಕೈಕಟ್ಟಿ, ದನಿ ತಗ್ಗಿಸಿ, “ಯಾರು ಹೋಗ್ಬಿಟ್ರು?” ಅಂದ.

ಊಟವೂ ನಿಂತೇ ಆಯಿತು. ಮೂರು ಗಂಟೆಗೆ ಕುರು ಒಡೆಯಿತು. ಆಹಾ! ಗುಮಾಸ್ತನಿಗೆ ಸ್ವರ್ಗ ಮೂರೇ ಗೇಣು. ಸಂಭ್ರಮದಿಂದ ಕುರ್ಚಿ ಎಳೆದು ಮೆಲ್ಲಗೆ ಕೂತ.

ಟೈಪಿನ ಸದ್ದು ನಿಂತಿತು.

“ನಮ್ ಕಾಲೇನು ಕಬ್ಬಿಣದ್ದಾ ಸಾರ್?” ಅಂದಳು ಟೈಪಿಸ್ಟಮ್ಮ.

“ಎಲ್ಲಾ ನಿಂತಿರೋವಾಗ ನೀವೊಬ್ರೇ ಕೂತ್ರೆ ಏನ್ ಚೆಂದ?” ಅಂದ ದಢೂತಿ.

“ಅಯ್ಯೋ, ಮೊದಲು ನಿಂತಿದ್ದೇ ನಾನು ಕಣ್ರೀ!”

“ಯಾರು ಮೊದಲು ಅನ್ನೋದೆಲ್ಲ ಬೇಡ. ಪದ್ಧತಿ ಅಂದ್ರೆ ಪದ್ಧತಿ,” ಅಂದ ದಢೂತಿ.

ಬೆಳಿಗ್ಗೆ ಹತ್ತಕ್ಕೆ ಹುಟ್ಟಿದ್ದು ಮಧ್ಯಾಹ್ನ ಮೂರಕ್ಕೆ ಪದ್ಧತಿಯಾಗಿತ್ತು. ಗುಮಾಸ್ತ ಮಾನ ಮರ್ಯಾದೆ ಗಾಳಿಗೆ ತೂರಿ ಕೂಗಿದ: “ನನಗೆ ಕುರು ಆಗಿತ್ತು ಕಣ್ರೀ, ಕುರು!”

“ಕೂರೋಕೆ ಏನೇನು ನೆಪ ನೋಡಿ,” ಅಂದಳು ಟೈಪಿಸ್ಟಮ್ಮ.

ನ್ಯಾಯ ತೀರ್ಮಾನಕ್ಕೆ ಎಲ್ಲರೂ ಮ್ಯಾನೇಜರ ಕೋಣೆಗೆ ನುಗ್ಗಿದರು. ನೋಡಿದರೆ, ಬೂಟು ಬಿಚ್ಚಿಟ್ಟು, ಕಪಾಟಿಗೆ ಒರಗಿ, ಬಾತ ಕಾಲಿನಲ್ಲಿ ಮ್ಯಾನೇಜರೂ ನಿಂತಿದ್ದಾರೆ!

“ಹನ್ನೊಂದು ಗಂಟೆಗೆ ಬಾಗಿಲ ಸಂದೀಲಿ ನೋಡ್ದೆ,” ಅಂದರು. “ಎಲ್ಲಾ ನಿಂತಿದ್ರಿ. ಸುತ್ತೋಲೆ ಬಂದಿರಬೇಕು, ನನ್ನ ಕಣ್ಣಿಗೆ ಬಿದ್ದಿಲ್ಲ ಅಂದ್ಕೊಂಡೆ. ಕೇಂದ್ರ ಕಚೇರಿಗೆ ಫೋನ್ ಮಾಡಿ, ನಿಂತು ಕೆಲಸ ಮಾಡೋದು ನಮ್ಮಲ್ಲಿ ಆಗಲೇ ಜಾರಿಗೆ ಬಂದಿದೆ ಅಂದೆ. ಅವರೂ ಹೌದು ಹೌದು ಅಂದ್ರು. ಅರ್ಧ ಗಂಟೇಲಿ ಎಲ್ಲಾ ಶಾಖೆಗೂ ಆದೇಶ ಹೊರಡ್ತು. ಈ ಕ್ಷಣದಿಂದ ಯಾರೂ ಕೂರೋ ಹಾಗಿಲ್ಲ.” ಆಮೇಲೆ ಗುಮಾಸ್ತನ ಬೆನ್ನು ತಟ್ಟಿದರು. “ಮೊದಲು ನಿಂತಿದ್ದು ನೀವಂತೆ, ಹೊರಗೆ ಕೂಗಿದ್ದು ಕೇಳಿಸ್ತು. ಹೆಡ್ ಕ್ಲರ್ಕ್ ನೀವೇ. ಯಾರಾದ್ರೂ ಕೂತ್ರೆ ಹೆಸರು ಬರ್ಕೊಳ್ಳೋದು ನಿಮ್ಮ ಕೆಲಸ.”

ಗುಮಾಸ್ತನ ಕಣ್ಣು ತುಂಬಿ ಬಂತು. ಹೊರಗೆ ಬಂದು ಹೆಡ್ ಕ್ಲರ್ಕ್ ಕುರ್ಚಿಯ ಆ ಮೆತ್ತೆಯ ಮೇಲೆ ಕೈಯಾಡಿಸಿದ. ಹದಿನೆಂಟು ವರ್ಷ! ಒಂದೇ ಒಂದು ನಿಮಿಷ ಕೂತರೆ ಏನಾದೀತು ಅಂತ ಮಂಡಿ ಮಡಿಸುವಷ್ಟರಲ್ಲಿ ದಢೂತಿ ಬಂದು ಪುಸ್ತಕ, ಪೆನ್ನು ಮುಂದೆ ಹಿಡಿದ.

“ಮೊದಲನೇ ಹೆಸರು ನಿಮ್ದೇ ಬರ್ಕೋತೀರಾ ಸಾರ್?”