ಸಿಲೋನಿನ ಗೆಡ್ಡೆಯೂ ನನ್ನ ಬಡ್ತಿಯೂ

ಗಿಡ ಬೆಳೆಸುವ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇಡೀ ಭದ್ರಾವತಿಯಲ್ಲಿ ಯಾರೂ ಇಲ್ಲವೆಂದು ಕಚೇರಿಯಲ್ಲಿ ನಾನೇ ಸಾರಿದ್ದೆ. ಮನೆಯಲ್ಲಿ ಸಾರುವ ಧೈರ್ಯವಿರಲಿಲ್ಲ. ಅಲ್ಲಿ ಗಾಜನೂರಿನ ರೈತರ ಮಗಳು ಶಕುಂತಲಮ್ಮ, ಅಂದರೆ ನನ್ನ ಧರ್ಮಪತ್ನಿ, ಇದ್ದಳು!

ಈ ಡಂಗುರ ಮೂರ್ತಪ್ಪ ಸಾಹೇಬರ ಕಿವಿಗೆ ಬಿತ್ತು. ಎರಡನೆಯ ಮಹಾಯುದ್ಧಕ್ಕೆ ಒಂದು ವರ್ಷ ಮುಂಚಿನ ಮಾತು. ಜರ್ಮನಿಯಲ್ಲಿ ಓದಿ ಬಂದ ಇಂಜಿನಿಯರು ಅವರು, ನಮ್ಮ ಕಚೇರಿಗೆ ಮೇಲಧಿಕಾರಿ. ಅವರ ಬಂಗಲೆಯಲ್ಲೊಂದು ಗಾಜಿನ ತೊಟ್ಟಿ, ಅದರಲ್ಲಿ ನಾಲ್ಕು ಕೆಂಪು ಮೀನು, ತಳದ ಮರಳಿನಲ್ಲಿ ಸಿಲೋನಿನಿಂದ ತರಿಸಿದ ಒಂದೇ ಒಂದು ಗೆಡ್ಡೆ. ಅದರ ಎಲೆಗಳು ನೀರೊಳಗೇ ಸೀರೆಯ ನೆರಿಗೆಯ ಹಾಗೆ ಆಡುತ್ತಿದ್ದವು.

"ಪುಟ್ಟಯ್ಯ, ಮೂರು ತಿಂಗಳು ಕಲ್ಕತ್ತೆಗೆ ಹೋಗ್ತೀನಿ. ತೊಟ್ಟಿ ನಿಮ್ಮ ಮನೇಲಿರಲಿ. ಗೆಡ್ಡೆ ಜೋಪಾನ! ಬಂದ ಮೇಲೆ ಹೆಡ್ ಕ್ಲರ್ಕ್ ಕೆಲಸಕ್ಕೆ ನಿಮ್ಮ ಹೆಸರು ಬರೀತೀನಿ."

"ಗೆಡ್ಡೆ ಏನು ಸಾರ್, ಗೆಡ್ಡೆಯ ಮೊಮ್ಮಕ್ಕಳನ್ನೇ ತೋರಿಸ್ತೀನಿ!" ಎಂದೆ.

ಇಪ್ಪತ್ತನೆಯ ದಿನ ಎಲೆ ಹಳದಿಯಾಯಿತು. ತಿಂಗಳಿಗೆ ಒಂದೂ ಉಳಿಯಲಿಲ್ಲ. ನಾನು ಮಾಡದ ಚಿಕಿತ್ಸೆಯಿಲ್ಲ! ಹರಳಿನ ಹಿಂಡಿ ಗೊಬ್ಬರ ಹಾಕಿದೆ. ನೀರು ನಾರಿತು, ಮೀನುಗಳು ಮೇಲೆ ಬಂದು ಬಾಯಿ ಬಾಯಿ ಬಿಟ್ಟವು. ಹೆಂಡತಿ ಅವನ್ನು ನನ್ನ ಸ್ನಾನದ ಹಂಡೆಗೆ ವರ್ಗ ಮಾಡಿದಳು.

"ರೀ, ಸುವರ್ಣಗೆಡ್ಡೆ ಎಲೆ ಉದುರಿಸಿ ಮಲಗಲ್ವಾ? ಇದೂ ಮಲಗಿದೆ. ಸುಮ್ನೆ ಬಿಡಿ."

"ಸಿಲೋನಿನ ಗೆಡ್ಡೆಗೂ ನಿಮ್ಮಪ್ಪನ ಹಿತ್ತಲಿಗೂ ಏನೇ ಸಂಬಂಧ, ಮಾರಾಯ್ತಿ? ಇದು ಸತ್ತಿದೆ!"

ಗೆಡ್ಡೆಯನ್ನು ಕಿತ್ತು ಕಿಟಕಿಯಾಚೆ ಎಸೆದೆ. ಅದರ ಹಿಂದೆಯೇ ನನ್ನ ಹೆಡ್ ಕ್ಲರ್ಕ್ ಕೆಲಸವೂ ಹಾರಿಹೋಗುವುದು ಕಣ್ಣಿಗೆ ಕಟ್ಟಿತು. ನಿಜ ಹೇಳುತ್ತೇನೆ, ಅಳು ಬಂತು.

ಮರುದಿನವೇ ರೈಲು ಹತ್ತಿ ಶಿವಮೊಗ್ಗದ ಪೇಟೆಗೆ ಓಡಿದೆ. ತರಕಾರಿ ಮಾರುವ ಸರ್ವರ್ ಬೀಯನ್ನು, "ನೀರಲ್ಲಿ ಬೇಗ ಚಿಗುರೋ ಗೆಡ್ಡೆ ಇದೆಯಾ?" ಎಂದು ಕೇಳಿದೆ.

ಆಕೆ ಕೆಸುವಿನ ಗೆಡ್ಡೆ ಎತ್ತಿದಳು. "ಇದು ತಗೊಳ್ಳಿ ಸಾಬ್. ಬಚ್ಚಲಲ್ಲಿ ಬಿಸಾಕಿದ್ರೂ ಬರ್ತದೆ."

ಜರ್ಮನಿಯಲ್ಲಿ ಕೆಸು ಎಲ್ಲಿ ಬರಬೇಕು! ಸಾಹೇಬರಿಗೆ ಗೊತ್ತಾಗುವುದುಂಟೆ? ನೀರು ಬದಲಿಸಿ, ಮೀನು ಬಿಟ್ಟು, ಕದ್ದುಮುಚ್ಚಿ ನೆಟ್ಟೆ. ತಿಂಗಳಲ್ಲಿ ತೊಟ್ಟಿ ದಾಟಿ ಮೊರದಗಲದ ಎಲೆ ಎದ್ದವು!

"ನೋಡೇ! ಮರಳಲ್ಲಿ ಮರಿಗೆಡ್ಡೆ ಉಳಿದಿತ್ತು, ಚಿಗುರಿತು!" ಎಂದು ಬೀಗಿದೆ.

"ಹೌದಾ?" ಎಂದಳು. ಅಷ್ಟೇ.

ವಿಚಿತ್ರವೆಂದರೆ, ವಾರವಾರವೂ ಎಲೆ ಕಡಿಮೆಯಾಗುತ್ತಿತ್ತು. ಮೀನುಗಳೇ ಹಾರಿ ತಿನ್ನುತ್ತಿರಬೇಕೆಂದು ಅವಕ್ಕೆ ಬಾಯಿಗೆ ಬಂದಂತೆ ಬೈದೆ.

ಕೊನೆಗೊಂದು ದಿನ ಸಾಹೇಬರು ಬಂದರು. ಕನ್ನಡಕ ಒರೆಸಿ ಮತ್ತೆ ಹಾಕಿಕೊಂಡರು.

"ಪುಟ್ಟಯ್ಯ, ಇದು ಕೆಸು."

"ಅದು ಸಾರ್... ಭದ್ರಾವತಿ ಹವೆಗೆ ಹೀಗೆ..."

"ನಮ್ಮಮ್ಮ ತೀರ್ಥಹಳ್ಳಿಯವರು ಕಣ್ರೀ! ಕೆಸು ತಿಂದೇ ಬೆಳೆದವನು ನಾನು. ನನ್ನ ಗೆಡ್ಡೆ ಎಲ್ಲಿ?"

ನಾನು ಕಿಟಕಿಯತ್ತ ನೋಡಿದೆ. ಅಷ್ಟರಲ್ಲಿ ಶಕುಂತಲಮ್ಮ ಅಡುಗೆಮನೆಯಿಂದ ಒಂದು ಮಡಕೆ ತಂದಿಟ್ಟಳು. ಅದರಲ್ಲಿ ಒದ್ದೆ ಮರಳು, ಮರಳಿನ ನಡುವೆ ಅದೇ ಗೆಡ್ಡೆ, ಅದರ ನೆತ್ತಿಯಲ್ಲಿ ಎರಡು ಹಸಿರು ಮೊಳಕೆ!

"ಇವ್ರು ಎಸೆದಾಗ ಎತ್ತಿಟ್ಟೆ ಸಾರ್. ಬಿತ್ತನೆ ಗೆಡ್ಡೆ ಥರ ಮರಳಲ್ಲಿ ಮಲಗಿಸಿದ್ದೆ. ಮೊನ್ನೆ ಎದ್ದಿದೆ."

"ನನ್ನ ಪುಸ್ತಕದಲ್ಲಿರೋದೂ ಇದೇ ತಾಯಿ!" ಸಾಹೇಬರು ಕೈಮುಗಿದರು. ನನ್ನತ್ತ ತಿರುಗಿ, "ಹೆಡ್ ಕ್ಲರ್ಕ್ ಕೆಲಸಕ್ಕೆ ಹೆಂಗಸರನ್ನ ತಗೊಳ್ಳಲ್ವಲ್ಲ, ಛೆ!" ಎಂದರು. ತೊಟ್ಟಿಗೆ ನಾಳೆ ಗಾಡಿ ಕಳಿಸುವುದಾಗಿ ಹೇಳಿ, ಮಡಕೆಯನ್ನು ತಾವೇ ಎತ್ತಿಕೊಂಡು ಹೊರಟರು.

ಅವರು ಹೋದದ್ದೇ ತಡ, ಹೆಂಡತಿಯ ಮೇಲೆ ರೇಗಿದೆ. "ಗೆಡ್ಡೆ ಬದುಕಿದೆ ಅಂತ ಮೊದಲೇ ಹೇಳಬಾರದಿತ್ತೇನೇ? ಆ ಕೆಸು ಬೆಳೆಯೋದನ್ನ ನೋಡ್ತಾ ಕೂತಿದ್ಯಲ್ಲ!"

"ಮೂರು ಭಾನುವಾರ ಎರಡೆರಡು ಸಲ ಹಾಕಿಸ್ಕೊಂಡು ಪತ್ರೊಡೆ ತಿಂದ್ರಲ್ಲ, ಅದಕ್ಕೆ ಕೆಸುವಿನೆಲೆ ಎಲ್ಲಿಂದ ಬಂತು ಅಂದ್ಕೊಂಡ್ರಿ?"

ನಾನು ತೊಟ್ಟಿಯ ಹತ್ತಿರ ಹೋಗಿ, ಆ ನಾಲ್ಕು ಮೀನುಗಳ ಕ್ಷಮೆ ಕೇಳಿದೆ.