ಮೇಷ್ಟ್ರ ಉಳಿದರ್ಧ ಗಡ್ಡ

ಮನೋವೈದ್ಯರು ತೀರಿಕೊಂಡ ಸುದ್ದಿ ಬೀದಿಗೆ ಬಂದಾಗ ನಿವೃತ್ತ ಮೇಷ್ಟ್ರ ಎಡಗೆನ್ನೆಯ ಕೆಲಸ ಮುಗಿದಿತ್ತು. ಬಲಗೆನ್ನೆಯ ಮೇಲೆ ಸೋಪಿನ ನೊರೆ ಇನ್ನೂ ಹಾಗೆಯೇ ಇತ್ತು.

ಸುದ್ದಿ ತಂದವನು ಪಕ್ಕದಂಗಡಿಯ ದರ್ಜಿ. ಕೊರಳಲ್ಲಿ ಅಳತೆಯ ಟೇಪು ನೇತು ಹಾಕಿಕೊಂಡು ಬೀದಿಯವರ ಸುಖದುಃಖಗಳನ್ನೆಲ್ಲ ಅಳೆದು ನೋಡುವುದು ಅವನ ಅಭ್ಯಾಸ. ಕ್ಷೌರದಂಗಡಿಯ ಬಾಗಿಲಲ್ಲಿ ತಲೆ ತೂರಿಸಿ ಹೇಳಿದ:

"ಕೇಳಿದ್ರಾ ಮೇಷ್ಟ್ರೇ? ಹುಚ್ಚರ ಡಾಕ್ಟ್ರು ಹೋಗ್ಬಿಟ್ರಂತೆ. ರಾತ್ರಿ ಮಲಗಿದವರು ಬೆಳಿಗ್ಗೆ ಏಳ್ಲೇ ಇಲ್ವಂತೆ. ಪುಣ್ಯದ ಸಾವು."

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು, ನೊರೆ ಒಳಗೆ ಹೋಯಿತು. ಅಷ್ಟರಲ್ಲಿ ಕ್ಷೌರಿಕನು ಕತ್ತಿಯನ್ನು ಮೆಲ್ಲನೆ ಮಡಚಿಟ್ಟು, ಬೆಂಚಿನ ಮೇಲೆ ಕುಸಿದು, ತಾಯಿ ಕಳೆದುಕೊಂಡ ಮಗುವಿನಂತೆ ಅಳತೊಡಗಿದ.

ಅವನನ್ನು ಬೀದಿಯವರು ಮೌನಿ ಎಂದು ಕರೆಯುತ್ತಿದ್ದರು. ಮಾತಾಡದ ಕ್ಷೌರಿಕನೆಂದರೆ ಸದ್ದು ಮಾಡದ ಗಂಟೆಯಷ್ಟು ಅಪರೂಪ. ಇವನು ಹೌದು, ಇಲ್ಲ, ತಲೆ ಎತ್ತಿ, ತಲೆ ಬಗ್ಗಿಸಿ ಎಂಬಿಷ್ಟರಲ್ಲೇ ಸಂಸಾರ ಸಾಗಿಸಿದವನು. ಅಂಥವನ ಬಾಯಿಂದ ಅಷ್ಟು ದೊಡ್ಡ ಸದ್ದು ಬಂದದ್ದು ಕೇಳಿ ಎದುರಿನ ಹೂವಿನಂಗಡಿಯ ಅಕ್ಕ ಕಟ್ಟುತ್ತಿದ್ದ ಮಾಲೆಯನ್ನು ಕೈಯಲ್ಲಿ ಹಿಡಿದುಕೊಂಡೇ ಓಡಿ ಬಂದಳು.

"ಯಾಕೋ ಮೌನಿ, ಆ ಡಾಕ್ಟ್ರು ನಿನಗೆ ಏನಾಗ್ಬೇಕಿತ್ತು?" ಎಂದು ದರ್ಜಿ ಕೇಳಿದ.

ಏನಾಗಬೇಕಿತ್ತು ಎಂದು ಮೌನಿ ಹೇಗೆ ಹೇಳಿಯಾನು? ಕೆಲವು ವರ್ಷಗಳ ಹಿಂದೆ ಅವನ ಮನಸ್ಸಿಗೊಂದು ಕೆಟ್ಟ ಯೋಚನೆ ಅಂಟಿಕೊಂಡಿತ್ತು. ಯಾರ ಗಡ್ಡಕ್ಕೆ ಕತ್ತಿ ಇಟ್ಟರೂ, 'ಈ ಕೈ ಜಾರಿ ಇವರ ಕುತ್ತಿಗೆ ಕೊಯ್ದುಬಿಟ್ಟರೆ?' ಎಂದು ಅದು ಕಿವಿಯಲ್ಲಿ ಕೇಳುತ್ತಿತ್ತು. ಇರುವೆಯನ್ನೂ ದಾಟಿಕೊಂಡು ನಡೆಯುವ ಮನುಷ್ಯ ತನ್ನನ್ನು ತಾನೇ ಕೊಲೆಗಾರನೆಂದು ನಂಬಿ, ಊಟ ನಿದ್ದೆ ಬಿಟ್ಟು, ಕೊನೆಗೆ ಹೆಂಡತಿಯ ಬಲವಂತಕ್ಕೆ ಮನೋವೈದ್ಯರ ಬಾಗಿಲು ತಟ್ಟಿದ.

ಡಾಕ್ಟರು ಮೊದಲು ಕೇಳಿದ್ದು ನಿದ್ದೆಯ ವಿಷಯ. ಆಮೇಲೆ ಊಟದ ವಿಷಯ. ಆಮೇಲೆ ಸುಮ್ಮನೆ ಕೂತು ಅವನ ಮಾತನ್ನೆಲ್ಲ ಕೇಳಿದರು. ನಡುವೆ ಗಡಿಯಾರ ನೋಡಲಿಲ್ಲ, 'ಅದೇನೂ ಇಲ್ಲ ಬಿಡು' ಎನ್ನಲಿಲ್ಲ.

"ನೋಡಪ್ಪ, ಇದು ನಿನ್ನ ಆಸೆ ಅಲ್ಲ, ನಿನ್ನ ಭಯ. ಕೊಯ್ಯೋ ಬುದ್ಧಿ ಇರೋನು ಹೀಗೆ ಬೆವರಿಕೊಂಡು ನನ್ನ ಹತ್ರ ಬರಲ್ಲ. ಮೈಗೆ ಜ್ವರ ಬರೋ ಹಾಗೆ ಮನಸ್ಸಿಗೂ ಬರುತ್ತೆ. ಮಾತ್ರೆ ಕೊಡ್ತೀನಿ, ತಪ್ಪಿಸಬೇಡ. ಅದರ ಜೊತೆಗೆ ಇನ್ನೊಂದು ಮದ್ದಿದೆ" ಎಂದರು.

ಆ ಇನ್ನೊಂದು ಮದ್ದು ಮಾತ್ರೆಗಿಂತ ಕಹಿಯಾಗಿತ್ತು. ದಿನ ಕಳೆದು, ಮೌನಿಗೆ ಸ್ವಲ್ಪ ನಿದ್ದೆ ಹತ್ತುತ್ತಿದೆ ಎಂದು ಗೊತ್ತಾದ ಮೇಲೆ ಡಾಕ್ಟರು ಸ್ವತಃ ಅಂಗಡಿಗೆ ಬಂದು ಕುರ್ಚಿಯಲ್ಲಿ ಕೂತು, ಕತ್ತು ಹಿಂದಕ್ಕೆ ಚೆಲ್ಲಿ, "ಮಾಡಪ್ಪ ಗಡ್ಡ" ಎಂದರು. ಮೌನಿಯ ಕೈ ಗಾಳಿಗೆ ಸಿಕ್ಕ ಎಲೆಯಂತೆ ನಡುಗಿತು.

"ಭಯ ಆಗ್ತಿದೆ ಸಾರ್."

"ಆಗ್ಲಿ. ಅದನ್ನ ಹೊರಗೆ ದಬ್ಬೋಕೆ ಹೋಗ್ಬೇಡ. ಬಂದಿದೆ, ಆ ಬೆಂಚಿನ ಮೇಲೆ ಕೂತಿರ್ಲಿ. ನೀನು ನಿನ್ನ ಕೆಲಸ ಮಾಡು."

ಹೀಗೆಂದು ಆ ಮಹಾನುಭಾವರು ಕಣ್ಣು ಮುಚ್ಚಿದರು. ಅರ್ಧ ಗಡ್ಡ ಮುಗಿಯುವಷ್ಟರಲ್ಲಿ ಗೊರಕೆ ಕೇಳಿಸಿತು. ಕತ್ತಿಯ ಕೆಳಗೆ ಕತ್ತು ಇಟ್ಟು ಗೊರಕೆ ಹೊಡೆಯುವ ವೈದ್ಯರನ್ನು ಕಂಡು ಮೌನಿಯ ಭಯಕ್ಕೇ ನಾಚಿಕೆಯಾಗಿರಬೇಕು. ಅಂದಿನಿಂದ ಅವರು ವಾರಕ್ಕೊಮ್ಮೆ ತಪ್ಪದೆ ಬಂದು ನಿದ್ದೆ ಮಾಡಿ ಹೋಗುತ್ತಿದ್ದರು. ಬೀದಿಯವರ ಕಣ್ಣಿಗೆ ಡಾಕ್ಟರು ಗಿರಾಕಿ, ಮೌನಿ ಕ್ಷೌರಿಕ. ಯಾರು ಯಾರಿಗೆ ಚಿಕಿತ್ಸೆ ಕೊಡುತ್ತಿದ್ದಾರೆಂದು ಒಂದು ನರಪಿಳ್ಳೆಗೂ ಗೊತ್ತಿರಲಿಲ್ಲ.

ಗೊತ್ತಾಗಲೂಬಾರದಿತ್ತು. ಮನಸ್ಸಿಗೆ ಮದ್ದು ತೆಗೆದುಕೊಳ್ಳುವ ದರ್ಜಿಯ ಕೈಗೆ ಜನ ಬಟ್ಟೆ ಕೊಟ್ಟಾರು. ಕ್ಷೌರಿಕನ ಕೈಗೆ ಕುತ್ತಿಗೆ ಕೊಟ್ಟಾರೆಯೇ?

ಆದ್ದರಿಂದ ಮೌನಿ ಮೂಗು ಒರೆಸಿಕೊಂಡು, ಬಾಯಿಗೆ ಬಂದದ್ದನ್ನು ಹೇಳಿದ:

"ಸಂಬಂಧಿಕರು."

"ಯಾವ ಕಡೆಯಿಂದ?"

"ತಂದೆ ಕಡೆಯಿಂದ. ದೊಡ್ಡಪ್ಪನ ಮಗ. ಅಣ್ಣ ಆಗ್ಬೇಕು."

ಹೂವಿನಕ್ಕ ಎದೆ ಬಡಿದುಕೊಂಡಳು. "ಅಯ್ಯೋ ನಿನ್ನ, ಇಷ್ಟು ವರ್ಷ ಒಂದು ಮಾತು ಹೇಳ್ಲಿಲ್ವಲ್ಲೋ. ನಿನ್ನ ಹೊಟ್ಟೇಲಿ ಆನೆ ಕಟ್ಟಿ ಹಾಕಿದ್ರೂ ಸೊಂಡಿಲು ಆಚೆ ಬರಲ್ಲ. ಏಳು, ಒಬ್ಬನ್ನೇ ಕಳಿಸೋಕಾಗುತ್ತಾ ಈ ಸ್ಥಿತೀಲಿ? ನಾವೆಲ್ಲ ಬರ್ತೀವಿ."

"ಬೇಡಕ್ಕ, ನಾನೇ ಸಂಜೆ ಹೋಗಿ…"

"ಸಂಜೆಗೆ ಎಲ್ಲಾ ಮುಗಿದಿರುತ್ತೆ ಕಣೋ."

ಗುಂಪಿನ ಕೊನೆಯಲ್ಲಿ ನಿಂತು, ಒಂದು ಸಲ ಕಾಲು ಮುಟ್ಟಿ ಬರಬೇಕೆಂಬುದಷ್ಟೇ ಮೌನಿಯ ಆಸೆಯಾಗಿತ್ತು. ಈಗ ಅವನ ಹಿಂದೆ ಒಂದು ಮೆರವಣಿಗೆಯೇ ಸಿದ್ಧವಾಯಿತು.

"ನನ್ನ ಈ ಕಡೆ ಗಡ್ಡ?" ಎಂದು ಮೇಷ್ಟ್ರು ಕುರ್ಚಿಯಿಂದ ಕೇಳಿದರು.

"ಅವನ ಅಣ್ಣ ಹೋಗಿದ್ದಾರೆ, ನಿಮಗೆ ಗಡ್ಡದ ಚಿಂತೆ" ಎಂದು ಹೂವಿನಕ್ಕ ಗದರಿದಳು.

ಮೇಷ್ಟ್ರು ದೈವಭಕ್ತರು, ಸಾವಿನ ಮುಂದೆ ವಾದ ಮಾಡುವವರಲ್ಲ. ದಿನವೂ ಗಡ್ಡ ಮಾಡಿಸಿಕೊಳ್ಳುವಾಗ ಕುರ್ಚಿಯ ಕೈಗಳನ್ನು ಬಿಗಿಯಾಗಿ ಹಿಡಿದು, ಕಣ್ಣು ಮುಚ್ಚಿ, ಕತ್ತಿ ಕೆಳಗಿಡುವವರೆಗೂ ದೇವರ ಧ್ಯಾನ ಮಾಡುತ್ತಿದ್ದರು. ಅವರ ಭಕ್ತಿ ಕಂಡು ಮೌನಿಗೂ ಒಂದು ಧೈರ್ಯ. ಅವರು ನೊರೆ ಒರೆಸಿಕೊಂಡು ಎದ್ದಾಗ ಮುಖ ಒಂದು ಕಡೆ ಕೊಯ್ದ ಗದ್ದೆಯಂತೆ, ಇನ್ನೊಂದು ಕಡೆ ಆಗಷ್ಟೇ ಮೊಳೆತ ಪೈರಿನಂತೆ ಕಾಣುತ್ತಿತ್ತು. ಬಲಗೆನ್ನೆಗೆ ಟವೆಲು ಒತ್ತಿ ಹಿಡಿದು, "ನಾನೂ ಬರ್ತೀನಿ" ಎಂದರು.

ದರ್ಜಿ ತನ್ನ ಅಂಗಡಿಗೆ ಓಡಿ ಯಾರಿಗೋ ಹೊಲಿಯುತ್ತಿದ್ದ ಬಿಳಿ ಅಂಗಿಯೊಂದನ್ನು ತಂದು, "ತಮ್ಮ ಅನ್ನೋನು ಈ ಕೂದಲು ಮೆತ್ತಿದ ಅಂಗೀಲಿ ಹೋಗ್ತಾನಾ?" ಎಂದು ಮೌನಿಗೆ ತೊಡಿಸಿಯೇಬಿಟ್ಟ. ಅಂಗಿಯ ಬೆನ್ನಿನಲ್ಲಿದ್ದ ಗುಂಡುಸೂಜಿಗಳನ್ನು ತೆಗೆಯುವುದು ಮಾತ್ರ ಅವನಿಗೆ ನೆನಪಾಗಲಿಲ್ಲ.

ಆಟೋದಲ್ಲಿ ನಾಲ್ವರೂ ಒತ್ತಿಕೊಂಡು ಕೂತರು. ಹಳ್ಳ ಬಂದಾಗಲೆಲ್ಲ ಸೂಜಿ ಚುಚ್ಚಿ ಮೌನಿ "ಹಾ" ಎನ್ನುತ್ತಿದ್ದ. ಹೂವಿನಕ್ಕ ಅವನ ಬೆನ್ನು ನೀವಿ, "ಅಳು, ಒಳಗಿಟ್ಕೋಬೇಡ" ಎನ್ನುತ್ತಿದ್ದಳು. ನೀವಿದಷ್ಟೂ ಸೂಜಿ ಒಳಗಿಳಿಯುತ್ತಿತ್ತು.

ದರ್ಜಿಗೆ ಸಂಬಂಧದ ಅಳತೆ ಇನ್ನೂ ಕೂಡಿ ಬಂದಿರಲಿಲ್ಲ. "ಹಂಗಾದ್ರೆ ಅವರ ತಂದೆ ನಿನಗೆ ದೊಡ್ಡಪ್ಪ. ಏನು ಕೆಲಸ ಮಾಡ್ತಿದ್ರು?"

"ಊರೂರು ತಿರುಗ್ತಿದ್ರು."

"ಯಾಕೆ?"

"ಕೆಲಸಕ್ಕೇ."

ಒಂದು ಸುಳ್ಳಿಗೆ ಕಾಲು ಕೊಡಲು ಇನ್ನೊಂದು ಸುಳ್ಳು ಬೇಕಾಯಿತು. ಡಾಕ್ಟರ ಮನೆ ಮುಟ್ಟುವಷ್ಟರಲ್ಲಿ ಇಲ್ಲದ ಆ ದೊಡ್ಡಪ್ಪನಿಗೆ ಒಂದು ಉದ್ಯೋಗ, ಒಂದು ಸೈಕಲ್ಲು, ವಿಪರೀತ ಸಿಟ್ಟು ಮತ್ತು ಮಂಡಿನೋವು ಬಂದಾಗಿತ್ತು. ವರ್ಷವಿಡೀ ಆಡುವಷ್ಟು ಮಾತನ್ನು ಮೌನಿ ಆ ಆಟೋದಲ್ಲೇ ಆಡಿ ಮುಗಿಸಿದ.

ಡಾಕ್ಟರ ಮನೆಯ ಮುಂದೆ ಜನ ತುಂಬಿತ್ತು. ಮೌನಿ ಮೆಲ್ಲನೆ ಹಿಂದೆ ಸರಿಯುವುದಕ್ಕೆ ನೋಡಿದ. ಹೂವಿನಕ್ಕ ಬಿಡಲಿಲ್ಲ. "ದಾರಿ ಬಿಡಿ, ದಾರಿ ಬಿಡಿ, ಡಾಕ್ಟ್ರ ಸ್ವಂತ ತಮ್ಮ ಬಂದಿದ್ದಾನೆ" ಎಂದು ಕೂಗಿದಳು. ಆಟೋ ಇಳಿದು ಗೇಟು ದಾಟುವಷ್ಟರಲ್ಲಿ ಚಿಕ್ಕಪ್ಪನ ಮಗ ಒಡಹುಟ್ಟಿದವನಾಗಿದ್ದ. ಜನ ದಾರಿ ಬಿಟ್ಟರು. ಆದರೆ ಒಬ್ಬಿಬ್ಬರು ಅವನನ್ನು ನೋಡಿ ತಲೆ ತಗ್ಗಿಸಿದ್ದು, ಇನ್ನೊಬ್ಬರು ಕಣ್ಣೀರಿನ ನಡುವೆಯೇ ನಕ್ಕದ್ದು ಯಾಕೆಂದು ಅವನಿಗೆ ತಿಳಿಯಲಿಲ್ಲ.

ಒಳಗೆ ಡಾಕ್ಟರ ಹೆಂಡತಿ ಕುರ್ಚಿಯೊಂದರಲ್ಲಿ ನೆಟ್ಟಗೆ ಕೂತಿದ್ದರು. ಅತ್ತು ಅತ್ತು ಕಣ್ಣು ಕೆಂಪಾಗಿತ್ತು.

"ಇವನು ಡಾಕ್ಟ್ರ ಚಿಕ್ಕಪ್ಪನ ಮಗ ಅಮ್ಮ" ಎಂದು ದರ್ಜಿ ಪರಿಚಯ ಮಾಡಿಸಿದ.

ಆಕೆ ಮೌನಿಯನ್ನು ಒಂದು ಗಳಿಗೆ ನೋಡಿದರು.

"ಬೆಳಗಿನಿಂದ ಚಿಕ್ಕಪ್ಪನ ಮಕ್ಕಳು ಬರ್ತಾನೇ ಇದ್ದಾರಪ್ಪ. ನಮ್ಮ ಮಾವನವರಿಗೆ ಅಣ್ಣತಮ್ಮ ಅಂತ ಯಾರೂ ಇರ್ಲಿಲ್ಲ. ಇವರೂ ಒಬ್ರೇ ಮಗ. ನಮ್ಮ ಮದುವೇಲಿ ಗಂಡಿನ ಕಡೆಯವರು ಅಂತ ಒಂದು ಬೆಂಚೂ ತುಂಬ್ಲಿಲ್ಲ."

ಆಕೆ ಪಡಸಾಲೆಯ ಕಡೆ ಕೈ ತೋರಿಸಿದರು.

"ಅಲ್ಲಿ ನೋಡಿ. ಆ ಬಸ್ ಕಂಡಕ್ಟರು ಅಕ್ಕನ ಮಗ ಅಂದ್ರು. ಆ ಬ್ಯಾಂಕಿನವರು ಸೋದರತ್ತೆ ಮಗ. ಆ ಪೊಲೀಸ್ನೋರು ಬಂದು, ನಾನು ಡಾಕ್ಟ್ರ ಷಡ್ಡಕ ಅಂದ್ರು. ನನಗೆ ಅಕ್ಕತಂಗೀರೇ ಇಲ್ಲ."

ಪಡಸಾಲೆ ತುಂಬ ಜನ. ಎಲ್ಲರೂ ಹತ್ತಿರದ ನೆಂಟರು, ಎಲ್ಲರೂ ಒಬ್ಬರ ಮುಖ ಒಬ್ಬರು ನೋಡದೆ ಕೂತಿದ್ದರು.

"ಅವರು ಯಾರ ವಿಷಯಾನೂ ಮನೇಲಿ ಆಡ್ತಿರ್ಲಿಲ್ಲ. ನಾನೂ ಕೇಳ್ತಿರ್ಲಿಲ್ಲ. ಇವತ್ತೂ ಕೇಳಲ್ಲ. ಬಂದೋರೆಲ್ಲ ನಮ್ಮೋರೇ" ಎಂದು ಆಕೆ ಕಣ್ಣೊರೆಸಿಕೊಂಡು, ಉಳಿದವರ ಕಡೆ ತಿರುಗಿ, "ನೀವು ಇವರ ಜೊತೇಲಿ ಬಂದಿರೋರಾ?" ಎಂದು ಕೇಳಿದರು.

ಹೂವಿನಕ್ಕನ ಮಾಲೆ ಹಿಡಿದ ಕೈ ಕೆಳಗಿಳಿಯಿತು. "ನಾನು… ನಾನು ಚಿಕ್ಕಮ್ಮನ ಮಗಳು ಅಮ್ಮ" ಎಂದು ಬಿಕ್ಕಿದಳು.

ದರ್ಜಿ ಟೇಪಿನ ತುದಿಯನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನೆಲ ನೋಡಿದ. "ನಾನು ಸ್ವಲ್ಪ ದೂರದ ಸಂಬಂಧ."

ಮೇಷ್ಟ್ರು ಟವೆಲನ್ನು ಕೆನ್ನೆಯಿಂದ ಕಣ್ಣಿಗೆ ಸರಿಸಿಕೊಂಡರು.

ಆಗ ಡಾಕ್ಟರ ಹೆಂಡತಿಯ ದೃಷ್ಟಿ ಆ ಅರ್ಧ ಗಡ್ಡದ ಮೇಲೆ ಬಿತ್ತು, ಅಲ್ಲಿಂದ ಮೌನಿಯ ಕೈಯ ಮೇಲೆ. "ಮನೇಲಿ ಎಲ್ಲಾ ಸಾಮಾನು ಇದ್ರೂ ಇವರು ವಾರಕ್ಕೊಂದು ಸಲ ಒಂದು ಅಂಗಡಿಗೆ ಹೋಗೋರು. ಅಲ್ಲಿ ಬರೋ ನಿದ್ದೆ ಎಲ್ಲೂ ಬರಲ್ಲ ಅನ್ನೋರು. ಆ ಅಂಗಡಿ ನಿಮ್ಮದಾ?"

ಮೌನಿ ತಲೆಯಾಡಿಸಿದ.

"ಹಾಗಾದ್ರೆ ಇನ್ನೊಂದು ಸಲ ಮಾಡಿಕೊಡಿ. ಎರಡು ದಿನದ ಗಡ್ಡ ಬೆಳೆದಿದೆ. ಹಾಗೇ ಕಳಿಸೋಕೆ ಮನಸ್ಸು ಬರ್ತಿಲ್ಲ."

ಯಾರೋ ಬಿಸಿನೀರು ತಂದರು, ಡಾಕ್ಟರ ಕತ್ತಿಯನ್ನೇ ತಂದರು. ಮೌನಿ ಚಾಪೆಯ ಮೇಲೆ ಮಲಗಿಸಿದ್ದ ಡಾಕ್ಟರ ಪಕ್ಕದಲ್ಲಿ ಮಂಡಿಯೂರಿದ. ಹಳೆಯ ಭಯ ಬಂತು. ಅದನ್ನು ಅವನು ದಬ್ಬಲಿಲ್ಲ, ಅದು ಮೂಲೆಯಲ್ಲಿ ಕೂತುಕೊಂಡಿತು. ಕತ್ತಿ ಅವರು ಕಲಿಸಿದ ಹಾಗೆಯೇ ನಡುಗದೆ ನಡೆಯಿತು. ಗೊರಕೆಯೊಂದು ಮಾತ್ರ ಕೇಳಿಸಲಿಲ್ಲ. ಆಗ ಮತ್ತೆ ಅವನ ಕಣ್ಣು ತುಂಬಿತು.

ಮರಳಿ ಬರುವಾಗ ಆಟೋದಲ್ಲಿ ಯಾರೂ ದೊಡ್ಡಪ್ಪನ ಮಂಡಿನೋವಿನ ವಿಷಯ ಎತ್ತಲಿಲ್ಲ. ಅಂಗಡಿಯ ಮುಂದೆ ಇಳಿದಾಗ ಹೂವಿನಕ್ಕ ಸೆರಗಿನಿಂದ ಮೂಗು ಒರೆಸಿಕೊಂಡು, "ನನ್ನ ಸಂಕಟಾನೆಲ್ಲ ಇಷ್ಟು ದಿನ ಅವರೊಬ್ರ ಹತ್ರ ಹೇಳ್ಕೊಳ್ತಿದ್ದೆ ಕಣೋ. ಇನ್ಮೇಲೆ ನಿನ್ನ ಹತ್ರಾನೇ. ನೀನಂತೂ ಮಧ್ಯ ಬಾಯಿ ಹಾಕಲ್ಲ" ಎಂದು ಬೆಂಚಿನ ಮೇಲೆ ಕೂತೇಬಿಟ್ಟಳು. ದರ್ಜಿಯೂ ಅವಳ ಪಕ್ಕದಲ್ಲಿ ಜಾಗ ಹಿಡಿದ. ಮೌನಿಯ ಅಂಗಡಿಯ ಮೌನಕ್ಕೆ ಅಂದೇ ಕೊನೆಯ ದಿನವಾಯಿತು.

ಮೇಷ್ಟ್ರು ಕುರ್ಚಿಯಲ್ಲಿ ಕೂತರು. "ಬೆಳಿಗ್ಗೆ ಬಿಟ್ಟದ್ದನ್ನ ಮುಗಿಸಪ್ಪ."

ಮೌನಿ ನೊರೆ ಹಚ್ಚಿದ. ಕತ್ತಿ ಎತ್ತುವ ಮೊದಲು ಅವನ ಮನಸ್ಸು ತಡೆಯಲಿಲ್ಲ. ಕತ್ತು ಕೊಡುವವರಿಗೆ ಸತ್ಯ ಹೇಳದಿದ್ದರೆ ಪಾಪವೆನಿಸಿತು.

"ಮೇಷ್ಟ್ರೇ, ನಾನು ಡಾಕ್ಟ್ರ ಹತ್ರ ಯಾಕೆ ಹೋಗ್ತಿದ್ದೆ ಅಂದ್ರೆ… ಕತ್ತಿ ಹಿಡಿದಾಗ, ಎಲ್ಲಿ ಕುತ್ತಿಗೆ ಕೊಯ್ದುಬಿಡ್ತೀನೋ ಅಂತ ಭಯ ಬರ್ತಿತ್ತು."

ಮೇಷ್ಟ್ರ ನೊರೆಯಿಲ್ಲದ ಕೆನ್ನೆಯೂ ನೊರೆಯಂತೆ ಬೆಳ್ಳಗಾಯಿತು.

"ನಾನು ಯಾಕೆ ಹೋಗ್ತಿದ್ದೆ ಗೊತ್ತೇನಯ್ಯ? ಯಾರೋ ನನ್ನ ಕುತ್ತಿಗೆ ಕೊಯ್ದುಬಿಡ್ತಾರೆ ಅಂತ ಭಯ. ಮನೇಲಿ ತರಕಾರಿ ಹೆಚ್ಚೋಕೆ ಚಾಕು ತಗೊಂಡ್ರೆ ನಾನು ಬೀದೀಲಿರ್ತಿದ್ದೆ. ಡಾಕ್ಟ್ರೇ ಹೇಳಿದ್ದು, 'ಒಂದು ಅಂಗಡಿ ಇದೆ, ದಿನಾ ಹೋಗಿ ಕತ್ತು ಕೊಟ್ಟು ಕೂತ್ಕೊಳ್ಳಿ. ಅಷ್ಟು ಜಾಗ್ರತೆಯ ಕೈಯನ್ನ ನಾನು ಬೇರೆ ನೋಡಿಲ್ಲ' ಅಂತ."

"ಹಾಗಾದ್ರೆ ಆ ಧ್ಯಾನ?"

"ಧ್ಯಾನ ಅಲ್ಲಪ್ಪ. ಈ ಒಂದು ಸಲ ಉಳಿಸು ಅಂತ ದೇವರನ್ನ ಬೇಡ್ಕೊಳ್ತಿದ್ದೆ."

ಕನ್ನಡಿಯಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಕುರುಡನ ಹೆಗಲ ಮೇಲೆ ಕುಂಟನನ್ನು ಕೂರಿಸಿದ ಆ ವೈದ್ಯರು, ಹೊತ್ತವನಿಗೂ ಹೇಳಿರಲಿಲ್ಲ, ಕೂತವನಿಗೂ ಹೇಳಿರಲಿಲ್ಲ. ಇಬ್ಬರೂ ವರ್ಷಗಟ್ಟಲೆ ಚೆನ್ನಾಗಿಯೇ ನಡೆದು ಬಂದಿದ್ದರು.

"ಇದನ್ನ ಗಡ್ಡ ಮುಗಿದ ಮೇಲೆ ಹೇಳ್ಬಾರ್ದಿತ್ತೇನೋ?" ಎಂದರು ಮೇಷ್ಟ್ರು.

ಮೌನಿಯ ಕೈ ಮೊದಲ ದಿನದಂತೆ ನಡುಗಿತು. ಕುರ್ಚಿಯಲ್ಲಿ ಮೇಷ್ಟ್ರೂ ನಡುಗಿದರು. ಹೋಗಿ ಕೇಳೋಣವೆಂದರೆ ಡಾಕ್ಟರಿಲ್ಲ. ಹಾಗೆಂದು ಒಂದು ಗಡ್ಡವನ್ನು ಎಷ್ಟು ದಿನ ಅರ್ಧ ಬಿಡಲಾದೀತು?

"ಅಕ್ಕ, ಸ್ವಲ್ಪ ಸರೀರಿ" ಎಂದ ಮೌನಿ ಬೆಂಚಿನ ಕಡೆ ನೋಡಿ. "ನಮ್ಮಿಬ್ರ ಭಯಾನೂ ಅಲ್ಲೇ ಕೂತ್ಕೋಬೇಕು."

ಹೂವಿನಕ್ಕ ಒಂದು ಮಾತೂ ಕೇಳದೆ ಸರಿದು ಜಾಗ ಮಾಡಿಕೊಟ್ಟಳು. ಡಾಕ್ಟರ ಆ ಮಾತು ಅವಳಿಗೂ ಗೊತ್ತಿದ್ದದ್ದೇ.

ಕತ್ತಿ ಮೇಲೆದ್ದಿತು. ಮೇಷ್ಟ್ರು ಕುರ್ಚಿಯ ಕೈಗಳನ್ನು ಬಿಟ್ಟು, ಕಣ್ಣು ಮುಚ್ಚಿ, ಎರಡೂ ಕೈ ಜೋಡಿಸಿದರು. ಅಷ್ಟು ವರ್ಷ ತುಟಿಯೊಳಗೇ ಇದ್ದ ಪ್ರಾರ್ಥನೆ ಅಂದು ಮೊದಲ ಸಲ ಎಲ್ಲರಿಗೂ ಕೇಳಿಸಿತು. ಅದು ತಮ್ಮ ಕುತ್ತಿಗೆಗಾಗಿ ಅಲ್ಲ.

"ದೇವರೇ, ನಮ್ಮ ಭಯ ನಾವು ನೋಡ್ಕೋತೀವಿ. ಎಲ್ಲರಿಗೂ ನಿದ್ದೆ ಕೊಟ್ಟು ಹೋದ ಆ ಪುಣ್ಯಾತ್ಮನಿಗೆ ನಿನ್ನ ಪಾದದಲ್ಲಿ ನೆಮ್ಮದಿಯ ನಿದ್ದೆ ಕೊಡು. ಅವರ ಆತ್ಮಕ್ಕೆ ಶಾಂತಿ ಕೊಡು."